ಕಡಿಮೆ ಬಜೆಟ್ಟಲ್ಲಿ ಪೋರ್ಟಬಲ್ ಟೇಬಲ್ ಸಾ: ಮೊದಲು ಏನು ನೋಡಬೇಕು?

ಹಲಗೆಹುಚ್ಚು

ನಮಸ್ಕಾರ. ಬಿಡುವಿದ್ದಾಗ ಮನೆಮಟ್ಟಿಗೆ ಮರಗೆಲಸ ಮಾಡ್ತೀನಿ. ಪುಸ್ತಕದ ಕಪಾಟು, ಡ್ರಾಯರು, ಸಣ್ಣ ಮೇಜು, ಇಂಥದ್ದು. ಇಲ್ಲಿವರೆಗೆ ಕೈಯಲ್ಲಿ ಹಿಡಿದು ಓಡಿಸುವ ಒಂದು ಸರ್ಕ್ಯುಲರ್ ಸಾ, ಒಂದು ನೇರ ಪಟ್ಟಿ, ಎರಡು ಕ್ಲಾಂಪ್, ಇಷ್ಟರಲ್ಲೇ ಕಾಲ ಹಾಕಿದ್ದೀನಿ. ಕಷ್ಟ ಬರೋದು ಒಂದೇ ಅಗಲದ ಎಂಟು ಹತ್ತು ಪಟ್ಟಿ ಬೇಕಾದಾಗ. ಪ್ರತಿ ಸಲ ಅಳೆದು, ಗುರುತು ಹಾಕಿ, ಪಟ್ಟಿ ಬಿಗಿದು ಕೊಯ್ಯೋದರಲ್ಲೇ ಹೊತ್ತು ಹೋಗುತ್ತೆ. ಅಷ್ಟಾದ ಮೇಲೂ ಒಂದಕ್ಕೊಂದು ಕೂದಲೆಳೆ ವ್ಯತ್ಯಾಸ ಇದ್ದೇ ಇರುತ್ತೆ. ಅದಕ್ಕೇ ಟೇಬಲ್ ಸಾ ಕೊಳ್ಳೋಣ ಅಂತ, ಅಂದರೆ ಮೇಜಿನ ಸೀಳಿನಿಂದ ಬ್ಲೇಡು ಮೇಲೆ ಬಂದಿದ್ದು ಹಲಗೆಯನ್ನು ಅದರತ್ತ ತಳ್ಳಿ ಕೊಯ್ಯುವ ಗರಗಸ.

ಬೇರೆ ವರ್ಕ್‌ಶಾಪ್ ಇಲ್ಲ. ಕೆಲಸ ಮುಗಿದ ಮೇಲೆ ಯಂತ್ರ ಎತ್ತಿ ಮೂಲೆಗಿಡಬೇಕು, ಒಬ್ಬನೇ ಎತ್ತುವ ಹಾಗಿರಬೇಕು. ಬಜೆಟ್ಟು ತೀರಾ ಅಗ್ಗದ್ದಕ್ಕಿಂತ ಒಂದು ಮೆಟ್ಟಿಲು ಮೇಲೆ, ದೊಡ್ಡ ಕಂಪನಿಗಳ ಮೇಲಿನ ಮಾದರಿಗಳಿಗಿಂತ ಸಾಕಷ್ಟು ಕೆಳಗೆ. ಹೆಚ್ಚಾಗಿ 18 ಮಿಮೀ ಪ್ಲೈವುಡ್, ಆಗಾಗ 40 ಮಿಮೀ ದಪ್ಪದ ಗಟ್ಟಿ ಮರ.

ವಿವರಪಟ್ಟಿ ಓದಿ ಓದಿ ತಲೆ ಕೆಟ್ಟಿದೆ. ಒಬ್ಬರು ವ್ಯಾಟ್ ನೋಡಿ ಅಂತಾರೆ, ಇನ್ನೊಬ್ಬರು 10 ಇಂಚಿಗಿಂತ (254 ಮಿಮೀ) ಕಡಿಮೆ ಬ್ಲೇಡ್ ಮುಟ್ಟಲೇಬೇಡಿ ಅಂತಾರೆ. ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಬಿಡಬಹುದು?

ಮೂಲೆಮಟ್ಟ

ಫೆನ್ಸ್, ಅಂದರೆ ಹಲಗೆಯನ್ನು ಒರಗಿಸಿ ತಳ್ಳುವ ಪಕ್ಕದ ಪಟ್ಟಿ. ಮಿಕ್ಕಿದ್ದೆಲ್ಲ ಆಮೇಲೆ.

ನೀವು ಟೇಬಲ್ ಸಾ ಕೊಳ್ಳೋದೇ ಒಂದೇ ಅಳತೆ ಮತ್ತೆ ಮತ್ತೆ ಬರಲಿ ಅಂತ. ಆ ಅಳತೆ ಕಾಯೋದು ಮೋಟಾರಲ್ಲ, ಫೆನ್ಸು. ಅಗ್ಗದ ಯಂತ್ರಗಳಲ್ಲಿ ತಯಾರಕರು ಕೈ ಬಿಗಿ ಹಿಡಿಯೋದೂ ಅಲ್ಲೇ. ಮುಂದಿನ ಅಂಚಿಗೆ ಮಾತ್ರ ಬಿಗಿಯುವ ತೆಳು ಫೆನ್ಸ್ ಆದರೆ ಲಿವರ್ ಒತ್ತಿದ ಕೂಡಲೇ ಹಿಂದಿನ ತುದಿ ಮಿಲಿಮೀಟರಿನಷ್ಟು ಆಚೀಚೆ ಸರಿದುಬಿಡುತ್ತೆ. ಬ್ಲೇಡಿನ ಕಡೆಗೆ ಸರಿದರೆ ಹಲಗೆ ಬ್ಲೇಡಿನ ಹಿಂಭಾಗಕ್ಕೂ ಫೆನ್ಸಿಗೂ ನಡುವೆ ಸಿಕ್ಕಿಕೊಳ್ಳುತ್ತೆ. ಅಂಚು ಸುಟ್ಟು ಕಪ್ಪಾಗೋದು, ಹಲಗೆ ನಿಮ್ಮ ಕಡೆಗೇ ಎಗರಿ ಬರೋದು, ಎರಡಕ್ಕೂ ಇದು ದೊಡ್ಡ ಕಾರಣ.

ನಿಮ್ಮ ಬಜೆಟ್ಟಿಗೆ ಎಟುಕುವುದರಲ್ಲಿ ರ‍್ಯಾಕ್ ಅಂಡ್ ಪಿನಿಯನ್ ಫೆನ್ಸ್ ಇರೋದನ್ನು ಹುಡುಕಿ. ಪಕ್ಕದ ಗುಬುಟು ತಿರುಗಿಸಿದರೆ ಮುಂದಿನ ಹಳಿ, ಹಿಂದಿನ ಹಳಿ ಎರಡೂ ಹಲ್ಲುಪಟ್ಟಿಯ ಮೇಲೆ ಒಟ್ಟಿಗೆ ಸರಿಯುತ್ತವೆ. ಹಾಗಾಗಿ ಫೆನ್ಸ್ ಬ್ಲೇಡಿಗೆ ಸಮಾಂತರವಾಗೇ ಉಳಿಯುತ್ತೆ. ಡಿವಾಲ್ಟ್ ಡಿಡಬ್ಲ್ಯೂಇ 7485 ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. ಸ್ಕಿಲ್ ಕಂಪನಿಯೂ ಇದೇ ಏರ್ಪಾಟಿನ ಯಂತ್ರ ಮಾಡುತ್ತೆ.

ಅಂಗಡಿಯಲ್ಲಿ ಹೀಗೆ ನೋಡಿ. ಫೆನ್ಸನ್ನು ಎಲ್ಲಾದರೂ ನಿಲ್ಲಿಸಿ ಬಿಗಿಯಿರಿ. ಮೈಟರ್ ಗಾಡಿಯಿಂದ (ಮೇಜಿನ ಮೇಲೆ ಬ್ಲೇಡಿನ ಪಕ್ಕ ಉದ್ದಕ್ಕೆ ತೋಡಿದ ಕಾಲುವೆ) ಫೆನ್ಸಿನವರೆಗೆ ಮುಂದೊಮ್ಮೆ, ಹಿಂದೊಮ್ಮೆ ಅಳೆಯಿರಿ. ಸಡಿಲಿಸಿ, ದೂರ ಒಯ್ದು, ವಾಪಸ್ ತಂದು, ಬಿಗಿದು ಮತ್ತೆ ಅಳೆಯಿರಿ. ಆಮೇಲೆ ಹಿಂದಿನ ತುದಿಯನ್ನು ಹೆಬ್ಬೆರಳಿಂದ ಒತ್ತಿ. ಅಳತೆ ಪ್ರತಿ ಸಲ ಬೇರೆ ಬಂದರೆ, ಅಥವಾ ಒತ್ತಿದಾಗ ಬಾಗಿದರೆ, ಮೋಟಾರು ಎಷ್ಟು ವ್ಯಾಟ್ ಇದ್ದರೂ ಅಲ್ಲಿಂದ ಹೊರಟುಬಿಡಿ.

ವ್ಯಾಟ್‌ವೀರ

ಫೆನ್ಸ್ ಮುಖ್ಯ, ಒಪ್ತೀನಿ. ಆದರೆ ಸರ್, ಮೋಟಾರು ಸೊರಗಿದ್ದರೆ ಒಳ್ಳೇ ಫೆನ್ಸ್ ಇಟ್ಟುಕೊಂಡು ಏನು ಮಾಡ್ತೀರಿ? ಅವರು 40 ಮಿಮೀ ಗಟ್ಟಿ ಮರ ಅಂದಿದ್ದಾರೆ. 254 ಮಿಮೀ ಬ್ಲೇಡು, 2000 ವ್ಯಾಟ್ ಹತ್ತಿರದ ಯಂತ್ರ ತಗೊಂಡರೆ ಒಂದೇ ಸಲಕ್ಕೆ ಮುಗಿಯಿತು. 210ರ ಆಟಿಕೆ ತಗೊಂಡು ಆಮೇಲೆ ಕೈ ಹಿಸುಕಿಕೊಳ್ಳೋದು ಯಾಕೆ?

ಮೂಲೆಮಟ್ಟ

ಆಟಿಕೆ ಅನ್ನೋ ಮುಂಚೆ ಸ್ವಲ್ಪ ಲೆಕ್ಕ ಮಾಡೋಣ.

254 ಮಿಮೀ ಬ್ಲೇಡು ನಿಮಿಷಕ್ಕೆ 4800 ಸುತ್ತು ತಿರುಗಿದರೆ ಹಲ್ಲಿನ ವೇಗ ಸೆಕೆಂಡಿಗೆ ಸುಮಾರು 64 ಮೀಟರ್. 210 ಮಿಮೀ ಬ್ಲೇಡು 5800 ಸುತ್ತು ತಿರುಗಿದರೂ ಅದೇ 64 ಮೀಟರ್. ಗಂಟೆಗೆ 230 ಕಿಮೀ ಅಂದುಕೊಳ್ಳಿ. ಮರಕ್ಕೆ ಮುಟ್ಟೋದು ಹಲ್ಲು, ಬ್ಲೇಡಿನ ವ್ಯಾಸ ಅಲ್ಲ. ಬ್ಲೇಡ್ ಚಿಕ್ಕದಾದಷ್ಟೂ ಅದನ್ನು ತಿರುಗಿಸಲು ಬೇಕಾದ ತಿರುಚುಬಲವೂ ಕಡಿಮೆ.

ಚಿಕ್ಕ ಬ್ಲೇಡಲ್ಲಿ ಕಳಕೊಳ್ಳೋದು ಆಳ. 210ರದ್ದು ನೇರ ನಿಂತಾಗ 65 ಮಿಮೀ, 45 ಡಿಗ್ರಿ ಓರೆಯಲ್ಲಿ 45 ಮಿಮೀ ಆಸುಪಾಸು ಕೊಯ್ಯುತ್ತೆ. 254ರದ್ದು ನೇರಕ್ಕೆ 79, ಓರೆಗೆ 55ರ ಮೇಲೆ. ಇವರ ಕೆಲಸ 40 ಮಿಮೀ. ಎರಡರಲ್ಲೂ ಆಗುತ್ತೆ. 75 ಮಿಮೀ ಕಂಬ ಸೀಳೋರಿಗೆ ಮಾತ್ರ ನಿಮ್ಮ ಮಾತು ಸರಿ.

ವ್ಯಾಟ್‌ವೀರ

ವೇಗದ ಲೆಕ್ಕ ಸರಿ, ಲೋಡು ಬಿದ್ದಾಗ ವೇಗ ಉಳಿಯಬೇಕಲ್ಲ? ಡಬ್ಬಿ ಮೇಲೆ ಬರೆಯೋ ಸುತ್ತು ಖಾಲಿ ತಿರುಗುವಾಗಿನದು. ಗಟ್ಟಿ ಮರಕ್ಕೆ ಇಳಿದಾಗ 1200 ವ್ಯಾಟಿನದು ಉಸಿರು ಬಿಡುತ್ತೆ, 1800ರದ್ದು ಗುನುಗುತ್ತಾ ಹೋಗುತ್ತೆ.

ಮೂಲೆಮಟ್ಟ

ಅದು ನಿಜ. 1500ರ ಕೆಳಗೆ ಬೇಡ ಅನ್ನೋದಕ್ಕೆ ನನ್ನದೂ ಸಹಿ. ಅದರ ಮೇಲೆ ಹೋದರೆ ವ್ಯಾಟಿಗಿಂತ ಬ್ಲೇಡು ಜಾಸ್ತಿ ಮಾತಾಡುತ್ತೆ.

ಹಳೇಉಳಿ

ಯಂತ್ರ ತಗೊಳ್ಳೂದು ಆಮ್ಯಾಲೆ. ಮೊದಲ ಕೆಲಸ ಏನೈತಿ ನೋಡ್ರಿ. ಪ್ಲೈವುಡ್ ಹಾಳಿ ಅಂದ್ರ 2440ಕ್ಕ 1220. ಇಪ್ಪತ್ತೆರಡು ಕೆಜಿ ಯಂತ್ರದ ಮ್ಯಾಲೆ ಅದಕ್ಕಿಂತ ಭಾರದ ಹಾಳಿ ಇಟ್ಟು ಒಬ್ಬರ ದೂಡಾಕ ಹೋದ್ರ ಯಂತ್ರನ ಮಗುಚಿ ಬೀಳ್ತೈತಿ. ಪೂರಾ ಹಾಳಿ ಸೀಳಾಕ ಈ ಸಣ್ಣ ಟೇಬಲ್ ಸಾ ಹುಟ್ಟಿಲ್ರಿ. ನೀವು ಇಟ್ಟೀರಲ್ಲ ಸರ್ಕ್ಯುಲರ್ ಸಾ, ಅದರಾಗ ಹಾಳಿನ್ನ ನೆಲದ ಮ್ಯಾಲೆ, ಕೆಳಗ ದಪ್ಪ ಫೋಮು ಹಾಸಿ, ಮೊದಲ ತುಂಡು ಮಾಡ್ಕೊರಿ. ಒಂದು ಬೆರಳು ಅಗಲ ಜಾಸ್ತಿ ಬಿಡ್ರಿ. ಆ ತುಂಡು ಟೇಬಲ್ ಸಾ ಮ್ಯಾಲೆ ತಂದು ಖರೇ ಅಳತಿಗೆ ಕೊಯ್ರಿ. ಹಿಂಗ ಮಾಡಿದ್ರ ಸಣ್ಣ ಯಂತ್ರನೂ ದೊಡ್ಡ ಕೆಲಸ ಮಾಡ್ತೈತಿ.

ಇನ್ನೊಂದು ಮಾತ್ರಿ. ಸರ್ಕ್ಯುಲರ್ ಸಾ ಮಾರಬ್ಯಾಡ್ರಿ.

ಹೊಸಕೈ

ಯಜಮಾನ್ರೇ, ಹಾಗಾದ್ರೆ ಸರ್ಕ್ಯುಲರ್ ಸಾನೇ ಒಂದು ಪ್ಲೈ ಹಲಗೆಗೆ ಕೆಳಗಡೆಯಿಂದ ತಲೆಕೆಳಗಾಗಿ ಬಿಗಿದು ಟೇಬಲ್ ಸಾ ಮಾಡ್ಕೊಂಡ್ರೆ? ವಿಡಿಯೋಗಳಲ್ಲಿ ಎಲ್ಲರೂ ಮಾಡ್ತಾರೆ. ದುಡ್ಡೂ ಉಳಿಯುತ್ತೆ.

ಹಳೇಉಳಿ

ತಮ್ಮಾ, ಬ್ಯಾಡ.

ಸುರಕ್ಷಾಅಕ್ಕ

ಅವರು ಒಂದೇ ಮಾತಲ್ಲಿ ಮುಗಿಸಿದರು, ನಾನು ಯಾಕೆ ಅಂತ ಹೇಳ್ತೀನಿ.

ಹಲಗೆ ಸೀಳುವಾಗ ಮರದೊಳಗಿನ ಬಿಗುವು ಸಡಿಲಾಗಿ ಕೊಯ್ದ ಸೀಳು ಕೆಲವೊಮ್ಮೆ ಹಿಂದಿನಿಂದ ಮುಚ್ಚಿಕೊಳ್ಳುತ್ತೆ. ಬ್ಲೇಡಿನ ಹಿಂದಿನ ಹಲ್ಲುಗಳು ಕೆಳಗಿನಿಂದ ಮೇಲಕ್ಕೆ ಬರುತ್ತಿರುತ್ತವೆ. ಹಲಗೆ ಅವಕ್ಕೆ ಸಿಕ್ಕಿದರೆ ಎತ್ತಿ ನಿಮ್ಮ ಹೊಟ್ಟೆಯ ಕಡೆಗೆ ಒಗೆಯುತ್ತವೆ. ಮೇಲೆ ಲೆಕ್ಕ ಹಾಕಿದ್ದಾರಲ್ಲ, ಸೆಕೆಂಡಿಗೆ 64 ಮೀಟರ್, ಆ ವೇಗ ಹಲಗೆಗೆ ದಾಟೋದು ಹೀಗೆ. ಕಣ್ಣು ಮಿಟುಕಿಸುವಷ್ಟೂ ಸಮಯ ಇರೋದಿಲ್ಲ. ಹಲಗೆ ಹೋದ ಜಾಗಕ್ಕೆ ಕೈ ಜಾರುತ್ತೆ, ಅಲ್ಲಿ ಬ್ಲೇಡ್ ಇರುತ್ತೆ.

ಇದನ್ನು ತಡೆಯೋದು ಬ್ಲೇಡಿನ ಬೆನ್ನಿಗೇ ನಿಂತು ಸೀಳು ಮುಚ್ಚದಂತೆ ಹಿಡಿಯುವ ತಗಡು, ರಿವಿಂಗ್ ನೈಫ್. ಬ್ಲೇಡ್ ಏರಿದರೆ ಅದೂ ಏರುತ್ತೆ, ಇಳಿದರೆ ಇಳಿಯುತ್ತೆ, ಓರೆಯಾದರೆ ಓರೆಯಾಗುತ್ತೆ. ತಲೆಕೆಳಗಾಗಿ ಬಿಗಿದ ಸರ್ಕ್ಯುಲರ್ ಸಾ ಮೇಲೆ ಸಾಮಾನ್ಯವಾಗಿ ಅದು ಇರೋದಿಲ್ಲ. ಮೇಲುಗಾಪೂ (ಬ್ಲೇಡನ್ನು ಮೇಲಿಂದ ಮುಚ್ಚುವ ಗಾರ್ಡು) ಇಲ್ಲ. ಸ್ವಿಚ್ಚು ಹಲಗೆಯ ಕೆಳಗೆ, ಅದನ್ನು ಒತ್ತಿಹಿಡಿಯೋಕೆ ಒಂದು ಟೇಪು ಸುತ್ತಿರ್ತಾರೆ. ಅಪಾಯದ ಹೊತ್ತಲ್ಲಿ ಬ್ಲೇಡಿನ ಅಡಿಗೆ ಕೈ ಹಾಕಿ ಆ ಟೇಪು ಬಿಚ್ಚೋರು ಯಾರು?

ಈ ಬಜೆಟ್ಟಲ್ಲಿ ನಾನು ರಾಜಿ ಆಗದೇ ಇರೋದು ಮೂರು: ರಿವಿಂಗ್ ನೈಫ್, ಮೊಣಕಾಲಲ್ಲಿ ತಳ್ಳಿದರೂ ಆರುವ ದೊಡ್ಡ ಸ್ವಿಚ್ಚು, ಕರೆಂಟು ಹೋಗಿ ಬಂದಾಗ ತಾನಾಗಿ ಶುರುವಾಗದಂಥ ವ್ಯವಸ್ಥೆ. ಮೂರನೆಯದನ್ನು ಅಂಗಡಿಯಲ್ಲೇ ನೋಡಬಹುದು. ಯಂತ್ರ ಓಡುತ್ತಿರುವಾಗ ಗೋಡೆಯ ಸ್ವಿಚ್ ಆರಿಸಿ, ಮತ್ತೆ ಹಾಕಿ. ಯಂತ್ರ ಸುಮ್ಮನಿರಬೇಕು.

ತೇಗದತೊಲೆ

ನಮ್ಮ ಕಡೆ ಯಾರೂ ಗಾರ್ಡು, ನೈಫು ಹಾಕಿ ಕೆಲಸ ಮಾಡೋದು ನಾನು ನೋಡಿಲ್ಲ. ಹೊಸ ಯಂತ್ರ ಬಂದ ದಿನವೇ ಬಿಚ್ಚಿ ಎಸೆಯೋದು. ಗಾಡಿ ತೋಡುವಾಗ ಅಡ್ಡ ಬರುತ್ತೆ ಅಂತ.

ಸುರಕ್ಷಾಅಕ್ಕ

ಗಾಡಿ ತೋಡುವಾಗ ಅಡ್ಡ ಬರೋದು ಮೇಲುಗಾಪು, ಒಪ್ಪಿದೆ. ಅದನ್ನು ತೆಗೀರಿ. ನೈಫ್ ಬಿಚ್ಚೋ ಅಗತ್ಯವೇ ಇಲ್ಲ. ಈಗಿನ ಯಂತ್ರಗಳಲ್ಲಿ ಅದನ್ನು ಒಂದು ಹಂತ ಕೆಳಗೆ ಇಳಿಸಿ ಬಿಗಿಯಬಹುದು, ಆಗ ಅದರ ತುದಿ ಬ್ಲೇಡಿಗಿಂತ ತುಸು ತಗ್ಗಿರುತ್ತೆ. ಪೂರ್ತಿ ಆಳಕ್ಕೆ ಕೊಯ್ಯದ ಕೆಲಸವೂ ನಡೆಯುತ್ತೆ. ಕೊಳ್ಳುವಾಗ ಈ ಎರಡು ಹಂತ ಇದೆಯಾ, ಉಪಕರಣ ಇಲ್ಲದೆ ಲಿವರ್ ಎತ್ತಿ ಬದಲಿಸಬಹುದಾ ಅಂತ ನೋಡಿ. ಬದಲಿಸೋಕೆ ಹಿಂಸೆ ಆಗುವ ಯಂತ್ರದಲ್ಲಿ ಅದು ಒಮ್ಮೆ ಬಿಚ್ಚಿದರೆ ವಾಪಸ್ ಹತ್ತೋದಿಲ್ಲ, ನೀವು ಹೇಳಿದ ಹಾಗೆ.

ಹಲಗೆಹುಚ್ಚು

ಬೆರಳು ತಾಗಿದ ಕೂಡಲೇ ನಿಲ್ಲುವ ಯಂತ್ರಗಳ ಬಗ್ಗೆ ಕೇಳಿದ್ದೆ. ಅದೇನಾದರೂ ಬಜೆಟ್ಟಿಗೆ ಬರುತ್ತಾ?

ಮೂಲೆಮಟ್ಟ

ಸಾಸ್ಟಾಪ್ ಅನ್ನೋ ಕಂಪನಿಯದು. ಬ್ಲೇಡಿಗೆ ಸಣ್ಣ ವಿದ್ಯುತ್ ಸಂಕೇತ ಹರಿಸಿರ್ತಾರೆ. ಚರ್ಮ ತಾಗಿದರೆ ಅದು ಬದಲಾಗುತ್ತೆ, ಅಲ್ಯೂಮಿನಿಯಂ ತುಂಡೊಂದು ಹಲ್ಲುಗಳಿಗೆ ನುಗ್ಗಿ 5 ಮಿಲಿಸೆಕೆಂಡಿನ ಒಳಗೆ ನಿಲ್ಲಿಸುತ್ತೆ, ಬ್ಲೇಡು ಮೇಜಿನ ಕೆಳಗೆ ಇಳಿದುಬಿಡುತ್ತೆ. ಆಮೇಲೆ ಬ್ರೇಕಿನ ಕಾರ್ಟ್ರಿಜ್ ಹೊಸದು ಬೇಕು, ಬ್ಲೇಡೂ ಸಾಮಾನ್ಯವಾಗಿ ಹೋಗಿರುತ್ತೆ. ಹಸಿ ಮರ ಕೊಯ್ದರೂ ಸುಮ್ಮನೆ ಸಿಡಿಯಬಹುದು, ಅದಕ್ಕೆ ಬೈಪಾಸ್ ಇಟ್ಟಿದ್ದಾರೆ. ಪೋರ್ಟಬಲ್ ಮಾದರಿಗಳೂ ಇವೆ, ನೀವು ಹೇಳಿದ ಬಜೆಟ್ಟಿಗೆ ಎಟುಕೋದಿಲ್ಲ. ಅದು ಹಲಗೆ ಎಗರೋದನ್ನು ತಡೆಯೋದೂ ಇಲ್ಲ, ಅದಕ್ಕೆ ನೈಫೇ ಬೇಕು.

ಗುಜರಿಗುರು

ಹಳೇದು ಯಾಕೆ ನೋಡಬಾರದು? ಹೊಸ ಅಗ್ಗದ ಯಂತ್ರದ ದುಡ್ಡಿಗೆ ಬಳಸಿದ ಒಳ್ಳೇ ಯಂತ್ರ ಸಿಗುತ್ತೆ. ನೋಡೋಕೆ ಹೋದಾಗ ಪ್ಲಗ್ ತೆಗೆದು ಬ್ಲೇಡನ್ನು ಎರಡೂ ಬದಿ ಅಲ್ಲಾಡಿಸಿ. ಆಟ ಇದ್ದರೆ ಬೇರಿಂಗ್ ಹೋಗಿದೆ. ಏರಿಳಿಸುವ ಹಿಡಿ ಪೂರ್ತಿ ಮೇಲಿಂದ ಪೂರ್ತಿ ಕೆಳಗೆ ತಿರುಗಿಸಿ. ನಡುವೆ ಬಿಗಿಯಾದರೆ ಬಹಳ ಸಲ ಬರೀ ಮರದ ಪುಡಿ ಮೆತ್ತಿಕೊಂಡಿರುತ್ತೆ, ಬ್ರಷ್ ಹಾಕಿ ಕೆರೆದು ಒಣ ಮೇಣ ಸವರಿದರೆ ಸರಿ. ಎಣ್ಣೆ ಹಾಕಬೇಡಿ, ಪುಡಿ ಇನ್ನೂ ಅಂಟುತ್ತೆ. ನೇರಪಟ್ಟಿ ಅಡ್ಡ ಇಟ್ಟು ಮೇಜು ಸಮ ಇದೆಯಾ ನೋಡಿ. ಓಡಿಸಿದಾಗ ಮೋಟಾರೊಳಗೆ ಕಿಡಿ ಜಾಸ್ತಿ ಕಂಡರೆ ಕಾರ್ಬನ್ ಬ್ರಷ್ ಸವೆದಿರಬಹುದು. ಅದು ಸಣ್ಣ ಖರ್ಚು, ಚೌಕಾಸಿಗೆ ಒಳ್ಳೇ ನೆಪ.

ಮುಖ್ಯವಾಗಿ ರಿವಿಂಗ್ ನೈಫ್ ಎಲ್ಲಿ ಅಂತ ಕೇಳಿ. "ಎಲ್ಲೋ ಇದೆ, ಹುಡುಕಿ ಕೊಡ್ತೀನಿ" ಅಂದರೆ ಇಲ್ಲ ಅಂತಲೇ ಅರ್ಥ. ಆ ಮಾದರಿಗೆ ಬಿಡಿಭಾಗ ಸಿಗುತ್ತಾ ಅಂತ ಮೊದಲು ವಿಚಾರಿಸಿ, ಆಮೇಲೆ ದುಡ್ಡು ಕೊಡಿ.

ಹೊಸಕೈ

ನಮ್ಮ ಚಿಕ್ಕಪ್ಪ ಹೊರದೇಶದಿಂದ 120 ವೋಲ್ಟಿನದು ತಂದಿದ್ದಾರೆ. ಟ್ರಾನ್ಸ್‌ಫಾರ್ಮರ್ ಹಾಕಿ 230ರಲ್ಲಿ ಓಡಿಸಬಹುದಾ?

ವ್ಯಾಟ್‌ವೀರ

ಓಡಿಸಬಹುದು ತಮ್ಮಾ, ಆದರೆ ಲೆಕ್ಕ ಹಾಕು. 120 ವೋಲ್ಟು, 15 ಆಂಪಿಯರು ಅಂದ್ರೆ 1800 ವಿಎ. ಶುರುವಾಗುವಾಗ ಇನ್ನೂ ಹೆಚ್ಚು ಎಳೆಯುತ್ತೆ. ಅಷ್ಟು ತಡೆಯುವ ಟ್ರಾನ್ಸ್‌ಫಾರ್ಮರ್ ಹೊತ್ತುಕೊಂಡು ಓಡಾಡಿದರೆ ಪೋರ್ಟಬಲ್ ಅನ್ನೋ ಹೆಸರೇ ಹೋಯಿತು. ಇವುಗಳಲ್ಲಿರೋದು ಯೂನಿವರ್ಸಲ್ ಮೋಟಾರು, 50 ಹರ್ಟ್ಸ್ 60 ಹರ್ಟ್ಸ್ ತಕರಾರು ಮಾಡೋದಿಲ್ಲ. ತಲೆನೋವು ಬೇರೆ ಇದೆ: ಆ ಯಂತ್ರದ ಶಾಫ್ಟಿನ ದಪ್ಪ 15.88 ಮಿಮೀ. ಬೇರೆ ಕಡೆಯ ಬ್ಲೇಡುಗಳ ತೂತು 25.4 ಅಥವಾ 30 ಮಿಮೀ ಇರುತ್ತೆ. ಉಂಗುರ ಹಾಕಿ ಹೊಂದಿಸಬಹುದು, ಉಂಗುರದ ಗುಣಮಟ್ಟ ಕೆಟ್ಟದಿದ್ದರೆ ಬ್ಲೇಡು ಒಲೆದಾಡುತ್ತೆ.

ಎಕ್ಸ್‌ಟೆನ್ಶನ್ ವೈರಿನ ಬಗ್ಗೆ ಯಾರೂ ಹೇಳಲಿಲ್ಲ. ತೆಳು ವೈರು ಉದ್ದಕ್ಕೆ ಎಳೆದರೆ ವೋಲ್ಟೇಜ್ ಬೀಳುತ್ತೆ, ಮೋಟಾರು ಸೊರಗಿ ಕಾಯುತ್ತೆ. ಸುರುಳಿ ಬಿಚ್ಚದೇ ಬಳಸಿದರೆ ವೈರೂ ಕಾಯುತ್ತೆ. 2.5 ಚದರ ಮಿಮೀ ತಾಮ್ರದ್ದು, ಪೂರ್ತಿ ಬಿಚ್ಚಿ. ಯಂತ್ರಕ್ಕೆ ಶಕ್ತಿ ಇಲ್ಲ ಅಂತ ದೂರುವ ಅರ್ಧ ಜನರ ತೊಂದರೆ ಈ ವೈರಲ್ಲೇ ಇರುತ್ತೆ ಅಂತ ನನ್ನ ಗುಮಾನಿ.

ಮೂಲೆಮಟ್ಟ

ಈಗ ಬ್ಲೇಡು. ಡಬ್ಬಿಯೊಳಗೆ ಬರುವ ಬ್ಲೇಡು ಹೆಚ್ಚಾಗಿ ಒರಟು ಕೆಲಸಕ್ಕೆ. ಅದನ್ನು ನೋಡಿ ಯಂತ್ರವನ್ನು ಅಳೆಯಬೇಡಿ. ಬಜೆಟ್ಟಿನಲ್ಲಿ ಒಂದು ಒಳ್ಳೇ ಕಾರ್ಬೈಡ್ ಬ್ಲೇಡಿಗೆ ಮೊದಲೇ ಜಾಗ ಇಡಿ. ದುಬಾರಿ ಯಂತ್ರಕ್ಕೆ ಸತ್ತ ಬ್ಲೇಡು ಹಾಕೋದಕ್ಕಿಂತ ಸಾಧಾರಣ ಯಂತ್ರಕ್ಕೆ ಚೂಪಾದ ಬ್ಲೇಡು ಹಾಕೋದು ಮೇಲು.

ಎಳೆಯ ಉದ್ದಕ್ಕೆ ಗಟ್ಟಿ ಮರ ಸೀಳೋಕೆ 24 ಹಲ್ಲು. ಹಲ್ಲು ಕಡಿಮೆ ಇದ್ದಷ್ಟು ನಡುವಿನ ಕೊರಕಲು ದೊಡ್ಡದು, ಉದ್ದನೆಯ ನಾರು ಹೊರಗೆ ಬೀಳೋಕೆ ಜಾಗ ಸಿಗುತ್ತೆ. ಪ್ಲೈವುಡ್ಡಿಗೆ, ಅಡ್ಡ ಕೊಯ್ಯೋಕೆ 60. ಒಂದೇ ಕೊಳ್ಳೋದಾದರೆ 40. ಇದು 254ರ ಲೆಕ್ಕ, 210ಕ್ಕೆ ತುಸು ಕಡಿಮೆ. ಲ್ಯಾಮಿನೇಟ್ ಅಂಟಿಸಿದ ಹಲಗೆಯೇ ಹೆಚ್ಚು ಅಂದರೆ ಒಂದು ಹಲ್ಲು ಚಪ್ಪಟೆ, ಒಂದು ಹಲ್ಲು ಮೂಲೆ ಕತ್ತರಿಸಿದ್ದು ಹೀಗೆ ಬರುವ ಬಗೆ ಕೇಳಿ ತಗೊಳ್ಳಿ, ಅಂಚು ಚಕ್ಕೆ ಏಳೋದು ಕಡಿಮೆ.

ಸಣ್ಣ ಮೋಟಾರಿಗೆ ತೆಳು ಬ್ಲೇಡು ವರದಾನ. ಸಾಮಾನ್ಯ ಬ್ಲೇಡು 3.2 ಮಿಮೀ ಮರ ತಿನ್ನುತ್ತೆ, ತೆಳುವಾದ್ದು 2.4ರ ಸುಮಾರು. ಕಾಲು ಭಾಗ ಕೆಲಸ ಉಳಿಯಿತು. ಆದರೆ ನೈಫಿನ ಮೇಲೆ ಒಂದು ಸಂಖ್ಯೆ ಕೊರೆದಿರುತ್ತೆ, ಅದನ್ನು ನೋಡದೆ ಬ್ಲೇಡ್ ಕೊಳ್ಳಬೇಡಿ. ನೈಫು ಬ್ಲೇಡಿನ ಮೈಗಿಂತ ದಪ್ಪ ಇರಬೇಕು, ಹಲ್ಲು ಕೊಯ್ಯುವ ಅಗಲಕ್ಕಿಂತ ತೆಳು ಇರಬೇಕು. 2.2ರ ನೈಫಿಗೆ 2.0 ಕೊಯ್ಯುವ ಬ್ಲೇಡು ಹಾಕಿದರೆ ಹಲಗೆ ನೈಫಿಗೆ ಬಡಿದು ನಿಲ್ಲುತ್ತೆ. ಆಗ ಜನ ಮಾಡೋದೇನು? ನೈಫ್ ಬಿಚ್ಚೋದು.

ಹಲಗೆಹುಚ್ಚು

ಇದು ಯಾವ ವಿವರಪಟ್ಟಿಯಲ್ಲೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಫೆನ್ಸ್ ಬಲಕ್ಕೆ ಎಷ್ಟು ದೂರ ಹೋಗಬೇಕು ಅನ್ನೋದಕ್ಕೆ ಏನಾದರೂ ಲೆಕ್ಕ ಇದೆಯಾ? ಕೆಲವು 620 ಅಂತಾವೆ, ಕೆಲವು 825.

ಮೂಲೆಮಟ್ಟ

1220 ಹಾಳೆಯ ಅರ್ಧ 610. ಅಷ್ಟು ದಾಟಿದರೆ ಕಪಾಟಿನ ಕೆಲಸಕ್ಕೆ ಸಾಕು. 825 ಬರುವ ಡಿಡಬ್ಲ್ಯೂಇ 7491 ಥರದ್ದು ಒಳ್ಳೇ ಯಂತ್ರವೇ, ಗಾಲಿಯ ಸ್ಟ್ಯಾಂಡ್ ಸೇರಿ 40 ಕೆಜಿ ಆಗುತ್ತೆ. ಎತ್ತಿ ಮೂಲೆಗಿಡ್ತೀನಿ ಅಂದಿರಲ್ಲ.

ತೇಗದತೊಲೆ

610 ಸಾಕು ಅನ್ನೋದೂ ಜಾಸ್ತಿಯೇ. ಯಜಮಾನ್ರು ಹೇಳಿದ ಹಾಗೆ ಮೊದಲೇ ತುಂಡು ಮಾಡಿಕೊಂಡರೆ ಇಷ್ಟಗಲ ಯಾವಾಗ ಬೇಕಾಗುತ್ತೆ? ನಾನು ನೋಡೋದು ಬ್ಲೇಡಿನ ಮುಂದೆ ಮೇಜು ಎಷ್ಟಿದೆ ಅಂತ. ಸಣ್ಣ ಯಂತ್ರಗಳಲ್ಲಿ ಹಲಗೆ ಮೇಜಿನ ಮೇಲೆ ನೆಟ್ಟಗೆ ಕೂರುವ ಮೊದಲೇ ಹಲ್ಲಿಗೆ ತಾಗುತ್ತೆ. ಆ ಅಂತರ ಜಾಸ್ತಿ ಇದ್ದಷ್ಟು ಹಲಗೆ ಫೆನ್ಸಿಗೆ ಸರಿಯಾಗಿ ಒರಗುತ್ತೆ. ಹಿಂದೆ ಆಧಾರ ಕೊಡೋಕೆ ಅದೇ ಎತ್ತರದ ಒಂದು ಮೇಜೋ ಸ್ಟೂಲೋ ಸಾಕು.

ಮೂಲೆಮಟ್ಟ

ತೊಲೆಯವರ ಮಾತು ಸರಿ. ಅದನ್ನು ನಾನು ಮೊದಲೇ ಬರೆಯಬೇಕಿತ್ತು.

ಹಳೇಉಳಿ

ಸ್ಟ್ಯಾಂಡಿಗೆ ರೊಕ್ಕ ಹಾಕಬ್ಯಾಡ್ರಿ. ಗಟ್ಟಿ ಕಟ್ಟಿಗಿ ಸ್ಟ್ಯಾಂಡ್ ನೀವ ಮಾಡ್ರಿ, ಯಂತ್ರಕ್ಕ ನಾಕು ಬೋಲ್ಟ್ ಹಾಕಿ ಬಿಗೀರಿ. ಬಿಗೀಲಿಲ್ಲಂದ್ರ ನಡುಗ್ತೈತಿ. ಉಳಿದ ರೊಕ್ಕದಾಗ ಬ್ಲೇಡು ತಗೋರಿ.

ಮತ್ತ ಮೈಟರ್ ಗಾಡಿ ನೋಡ್ರಿ. 19 ಮಿಮೀ ಅಗಲ ಇದ್ರ ಹೊರಗಿನ ಜಿಗ್ಗು (ಹಲಗಿ ಹಿಡಿಯೂ ಸಾಧನ), ಫೆದರ್‌ಬೋರ್ಡು (ಹಲಗಿನ್ನ ಫೆನ್ಸಿಗೆ ಒತ್ತಿ ಹಿಡಿಯೂ ಪಟ್ಟಿ) ಎಲ್ಲಾ ಹೊಂದತಾವ. ತಮ್ಮದ ಒಂದು ಬ್ಯಾರೆ ಅಳತಿ ಇಟ್ಟಿದ್ರ ಎಲ್ಲಾ ಕೈಲೆ ಮಾಡ್ಕೋಬೇಕಾಕ್ಕೈತಿ. ಜೋಡಿ ಬಂದ ಮೈಟರ್ ಗೇಜು (ಆ ಗಾಡ್ಯಾಗ ಜಾರೂ ಕೋನಪಟ್ಟಿ) ನಂಬಬ್ಯಾಡ್ರಿ, ಅದು ಅಲ್ಲಾಡ್ತೈತಿ. ಅಡ್ಡ ಕೊಯ್ಯಾಕ ಒಂದು ಸ್ಲೆಡ್, ಅಂದ್ರ ಗಾಡ್ಯಾಗ ಜಾರೂ ಹಲಗಿ, ಮಾಡ್ಕೊರಿ.

ಸುರಕ್ಷಾಅಕ್ಕ

ಹೊಸಬರಿಗೆ ಇನ್ನೆರಡು ಮಾತು. ಮೈಟರ್ ಗೇಜು ಮತ್ತು ಫೆನ್ಸು ಎರಡನ್ನೂ ಒಟ್ಟಿಗೆ ಬಳಸಿ ತುಂಡು ಕತ್ತರಿಸಬೇಡಿ. ಬಿದ್ದ ತುಂಡು ಬ್ಲೇಡಿಗೂ ಫೆನ್ಸಿಗೂ ನಡುವೆ ಓರೆಯಾಗಿ ಸಿಕ್ಕಿ ಎಗರುತ್ತೆ. ಒಂದೇ ಉದ್ದದ ತುಂಡು ಬೇಕಾದರೆ ಬ್ಲೇಡಿಗಿಂತ ಬಹಳ ಮುಂಚೆಯೇ ಫೆನ್ಸಿಗೊಂದು ದಿಮ್ಮಿ ಕ್ಲಾಂಪ್ ಮಾಡಿ, ಅಲ್ಲಿ ಅಳತೆ ಹಿಡಿದು ಮುಂದೆ ತಳ್ಳಿ. ಸಣ್ಣ ಪಟ್ಟಿಗೆ ತಳ್ಳುಕೋಲು ಬೇಕೇಬೇಕು. ಕೈಗವಸು ಹಾಕಬೇಡಿ, ಹಲ್ಲು ಬಟ್ಟೆ ಹಿಡಿದರೆ ಕೈಯನ್ನೂ ಎಳೆಯುತ್ತೆ.

ಕಿವಿಗೂ ಮೂಗಿಗೂ ಬಜೆಟ್ಟಲ್ಲಿ ಜಾಗ ಇಡಿ. ಈ ಮೋಟಾರುಗಳ ಗದ್ದಲ 100 ಡೆಸಿಬೆಲ್ ಹತ್ತಿರ ಹೋಗುತ್ತೆ, 85ರಿಂದಲೇ ಕಿವಿಗೆ ರಕ್ಷಣೆ ಬೇಕು. ಮರದ ಧೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಹಿಂದಿನ ಕೊಳವೆಗೆ ವ್ಯಾಕ್ಯೂಮ್ ಹಾಕಿದರೂ ಮೇಲಿಂದ ಹಾರುವ ಪುಡಿ ಮುಖಕ್ಕೇ ಬರುತ್ತೆ. ಮಾಸ್ಕ್ ಹಾಕಿ.

ಹಲಗೆಹುಚ್ಚು

ಯಂತ್ರ ಬಂತು. ಬ್ರ್ಯಾಂಡ್ ಹೆಸರು ಹೇಳಿದರೆ ಇಲ್ಲಿ ಬೇರೆಯೇ ಜಗಳ ಶುರುವಾಗುತ್ತೆ, ಬಿಡಿ. 210 ಮಿಮೀ, ರ‍್ಯಾಕ್ ಫೆನ್ಸು, ನೈಫಿಗೆ ಎರಡು ಹಂತ, ಹೊಸದೇ. ಎರಡು ಅಂಗಡಿಯಲ್ಲಿ ಫೆನ್ಸ್ ಒತ್ತಿ ನೋಡಿದೆ. ಮಾರುವವರು ವಿಚಿತ್ರವಾಗಿ ನೋಡಿದರು, ಪರವಾಗಿಲ್ಲ. 254ರದ್ದೊಂದು ಇದೇ ದುಡ್ಡಿಗೆ ಇತ್ತು, ಅದರ ಫೆನ್ಸ್ ತುದಿ ಕೈಗೆ ಗೊತ್ತಾಗುವಷ್ಟು ಬಾಗುತ್ತಿತ್ತು. ಸ್ಟ್ಯಾಂಡ್ ಬಿಟ್ಟೆ. ಉಳಿದದ್ದರಲ್ಲಿ 40 ಹಲ್ಲಿನ ತೆಳು ಬ್ಲೇಡು, ಕಿವಿಗವಸು, ಫೆದರ್‌ಬೋರ್ಡ್ ಬಂತು.

ಪ್ಲೈವುಡ್ ಬೆಣ್ಣೆ ಥರ ಕೊಯ್ಯುತ್ತೆ. ಆದರೆ 40 ಮಿಮೀ ಗಟ್ಟಿ ಮರ ಸೀಳುವಾಗ ಫೆನ್ಸಿನ ಕಡೆಯ ಅಂಚಲ್ಲಿ ಕಂದು ಸುಟ್ಟ ಕಲೆ. ಇನ್ನೊಂದು ಅಂಚು ಸ್ವಚ್ಛ. ಬ್ಲೇಡು ಹೊಸದು. ಏನಿದು?

ವ್ಯಾಟ್‌ವೀರ

ನಾನು ಹೇಳಿದ್ದೆ. ಮೋಟಾರು.

ಮೂಲೆಮಟ್ಟ

ಮೋಟಾರು ಸೊರಗಿದ್ದರೆ ಎರಡೂ ಅಂಚು ಸುಡಬೇಕಿತ್ತು. ಒಂದೇ ಬದಿ ಅಂದರೆ ಜೋಡಣೆ.

ಪ್ಲಗ್ ತೆಗೆಯಿರಿ. ಬ್ಲೇಡು ಪೂರ್ತಿ ಏರಿಸಿ, ಒಂದು ಹಲ್ಲಿಗೆ ಪೆನ್ನಲ್ಲಿ ಗುರುತು ಹಾಕಿ. ಆ ಹಲ್ಲನ್ನು ಮುಂದೆ ತಂದು ಮೈಟರ್ ಗಾಡಿಯಿಂದ ಅದರವರೆಗಿನ ಅಂತರ ಹಿಡಿಯಿರಿ, ಕಾಂಬಿನೇಶನ್ ಸ್ಕ್ವೇರ್ (ಜಾರುವ ಅಳತೆಪಟ್ಟಿ ಇರುವ ಮೂಲೆಮಟ್ಟ) ಸಾಕು. ಈಗ ಅದೇ ಹಲ್ಲನ್ನು ತಿರುಗಿಸಿ ಹಿಂದಕ್ಕೆ ತಂದು ಮತ್ತೆ ಹಿಡಿಯಿರಿ. ಬೇರೆ ಹಲ್ಲು ಬೇಡ, ಬ್ಲೇಡಿನ ಒಲೆತ ಲೆಕ್ಕಕ್ಕೆ ಸೇರಿಬಿಡುತ್ತೆ. ಮಾಮೂಲಿ ಪ್ರಿಂಟರ್ ಹಾಳೆ ಒಂದರ ದಪ್ಪ ಸುಮಾರು 0.1 ಮಿಮೀ. ಒಂದು ಹಾಳೆಯೊಳಗಿನ ವ್ಯತ್ಯಾಸ ಆದರೆ ಮುಟ್ಟಬೇಡಿ. ಜಾಸ್ತಿ ಆದರೆ ಕೈಪಿಡಿಯಲ್ಲಿ ಬ್ಲೇಡ್ ಸರಿಹೊಂದಿಸುವ ಬೋಲ್ಟುಗಳ ಚಿತ್ರ ಇರುತ್ತೆ, ಅವನ್ನು ತುಸು ಸಡಿಲಿಸಿ ಸರಿಸಿ. ಬ್ಲೇಡು ಗಾಡಿಗೆ ಸರಿಯಾದ ಮೇಲೆ ಫೆನ್ಸನ್ನೂ ಗಾಡಿಗೇ ಹೊಂದಿಸಿ. ಈ ಕ್ರಮ ತಲೆಕೆಳಗೆ ಮಾಡಬೇಡಿ. ಹಿಂದಿನ ತುದಿಯಲ್ಲಿ ಫೆನ್ಸ್ ಬ್ಲೇಡಿನಿಂದ ಅರ್ಧ ಹಾಳೆಯಷ್ಟು ದೂರ ಇದ್ದರೆ ಚಿಂತೆ ಇಲ್ಲ, ಹತ್ತಿರ ಮಾತ್ರ ಬರಕೂಡದು.

ಹಲಗೆಹುಚ್ಚು

ಬ್ಲೇಡು ಸರಿ ಇತ್ತು, ಒಂದು ಹಾಳೆಯೂ ನುಸುಳಲಿಲ್ಲ. ಫೆನ್ಸ್ ಹಿಂದೆ ಮೂರು ಹಾಳೆಯಷ್ಟು ಒಳಕ್ಕೆ ಬಂದಿತ್ತು. ಹಿಂದಿನ ಹಳಿಯ ಬೋಲ್ಟ್ ಸಡಿಲಿಸಿ ಸರಿಮಾಡಿದೆ. ಕಲೆ ಬಹಳಷ್ಟು ಹೋಯಿತು. ನಡುವೆ ನಿಲ್ಲಿಸಿ ಕೈ ಬದಲಿಸುವ ಜಾಗದಲ್ಲಿ ಮಾತ್ರ ಸಣ್ಣದೊಂದು ಬೀಳುತ್ತೆ.

ಹಳೇಉಳಿ

ನಿಲ್ಲಸಬ್ಯಾಡ್ರಿ. ಒಂದ ಸಮ ದೂಡ್ರಿ. 24 ಹಲ್ಲಿಂದು ತಗೊಂಡ್ರ ಅದೂ ಹೋಗ್ತೈತಿ.

ವ್ಯಾಟ್‌ವೀರ

ಸರಿ, ಈ ಸಲ ಮೋಟಾರು ನಿರಪರಾಧಿ.

ಹೊಸಕೈ

ಸ್ಲೆಡ್ ಮಾಡಿದ ಮೇಲೆ ಅದು 90 ಡಿಗ್ರಿ ಇದೆ ಅಂತ ಹೇಗೆ ಗೊತ್ತಾಗುತ್ತೆ? ನನ್ನ ಮೂಲೆಮಟ್ಟವೇ ಸರಿ ಇದೆಯೋ ಇಲ್ಲವೋ ಗೊತ್ತಿಲ್ಲ. (ನೀವಲ್ಲ ಸರ್, ಉಪಕರಣ!)

ಮೂಲೆಮಟ್ಟ

ಉಪಕರಣವೇ ಬೇಡ. ಚೌಕಾಕಾರದ ಒಂದು ಪ್ಲೈ ತುಂಡು ತಗೊಂಡು ನಾಲ್ಕೂ ಬದಿ ಒಂದಾದ ಮೇಲೊಂದು ಕೊಯ್ಯಿ. ಪ್ರತಿ ಸಲ ಆಗಷ್ಟೇ ಕೊಯ್ದ ಬದಿಯನ್ನು ಸ್ಲೆಡ್ಡಿನ ಬೇಲಿಗೆ, ಅಂದರೆ ಅಡ್ಡಪಟ್ಟಿಗೆ, ಒರಗಿಸಬೇಕು. ಐದನೇ ಸಲ ಮೊದಲ ಬದಿಯಿಂದಲೇ ಒಂದು ಬೆರಳಗಲದ ಪಟ್ಟಿ ತೆಗೆ. ಆ ಪಟ್ಟಿಯ ಎರಡು ತುದಿಯ ಅಗಲ ಕ್ಯಾಲಿಪರಲ್ಲಿ ಅಳೆದು ವ್ಯತ್ಯಾಸವನ್ನು ನಾಲ್ಕರಿಂದ ಭಾಗಿಸು. 300 ಮಿಮೀ ಉದ್ದದ ಪಟ್ಟಿಯಲ್ಲಿ 1.2 ಮಿಮೀ ವ್ಯತ್ಯಾಸ ಬಂದರೆ ಒಂದೊಂದು ಕೊಯ್ತದಲ್ಲಿ 300ಕ್ಕೆ 0.3 ತಪ್ಪಿದೆ ಅಂತ. ಬೇಲಿಯ ಒಂದು ತುದಿಯ ಸ್ಕ್ರೂ ಗಟ್ಟಿಯಾಗಿಟ್ಟು ಇನ್ನೊಂದು ತುದಿಯನ್ನು ಅಷ್ಟು ಸರಿಸಿ ಮತ್ತೆ ಐದು ಕೊಯ್ತ. ಯಾವ ಕಡೆ ಸರಿಸಬೇಕು ಅನ್ನೋದು ತಲೆ ತಿನ್ನುತ್ತೆ, ತಪ್ಪು ಕಡೆ ಸರಿಸಿದರೆ ವ್ಯತ್ಯಾಸ ಇಮ್ಮಡಿ ಆಗುತ್ತೆ, ಆಗ ತಿರುಗಿಸು.

ಗುಜರಿಗುರು

ಹಲಗೆಹುಚ್ಚು ಅವರೇ, ಡಬ್ಬಿಯಲ್ಲಿ ಬಂದ ಮೂಲ ಬ್ಲೇಡು ಎಸೆಯಬೇಡಿ. ಮೊಳೆ ಇರಬಹುದು ಅಂತ ಅನುಮಾನ ಇರುವ ಹಳೇ ಮರಕ್ಕೆ ಅದನ್ನೇ ಹಾಕಿ. ಹಾಕುವ ಮುಂಚೆ ಅದು ಎಷ್ಟು ಅಗಲ ಕೊಯ್ಯುತ್ತೆ, ನಿಮ್ಮ ನೈಫಿನ ಮೇಲೆ ಯಾವ ಸಂಖ್ಯೆ ಇದೆ ಅಂತ ನೋಡಿಕೊಳ್ಳಿ.

ಹಲಗೆಹುಚ್ಚು

ನೋಡಿದೆ. ಬ್ಲೇಡ್ 2.6, ನೈಫ್ 2.0. ಹೊಂದುತ್ತೆ. 24 ಹಲ್ಲಿನದು ಮುಂದಿನ ತಿಂಗಳು.